ಸಾವಿರ ಕಣ್ಣುಗಳಿದ್ದರೆ ಸಾಕೆ?

ಕಂಪ್ಯೂಟರ್ ಬಳಸುವ ಪ್ರತಿಯೊಬ್ಬರೂ ‘ಬಗ್’ ಎಂಬ ಪದವನ್ನು ಕೇಳಿಯೇ ಇರುತ್ತಾರೆ. ಅಚ್ಚುಕಟ್ಟಾಗಿ ಟೈಪಿಸಿದ ಪತ್ರ ಮುದ್ರಣವಾಗುವಾಗ ಚೆಲ್ಲಾಪಿಲ್ಲಿಯಾಗುವುದು, ಬ್ರೌಸರ್ ಇದ್ದಕ್ಕಿದ್ದಂತೆ ಮುಚ್ಚಿಕೊಳ್ಳುವುದು, ಕನ್ನಡದ ಒತ್ತಕ್ಷರ ತನ್ನ ಜಾಗ ಬಿಟ್ಟು ಪಕ್ಕಕ್ಕೆ ಹೋಗಿ ನಿಲ್ಲುವುದು – ಇವೆಲ್ಲ ತಂತ್ರಾಂಶದ ದೋಷಗಳು. ಹಣ ಕೊಟ್ಟು ಕೊಂಡ ತಂತ್ರಾಂಶವಾದರೆ ಅದನ್ನು ತಯಾರಿಸಿದ ಕಂಪೆನಿಗೆ ದೂರು ಹೇಳಿ ಕಾಯಬೇಕು. ಲಿನಕ್ಸ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಮುಂತಾದ ಮುಕ್ತ ತಂತ್ರಾಂಶಗಳಲ್ಲಿ ಹಾಗಲ್ಲ. ಅವುಗಳ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿರುತ್ತದೆ. ದೋಷಗಳ ಪಟ್ಟಿಯೂ ಬಹುಮಟ್ಟಿಗೆ ತೆರೆದಿರುತ್ತದೆ. ಯಾರು ಬೇಕಾದರೂ ವರದಿ ಸಲ್ಲಿಸಬಹುದು, ಓದಬಹುದು, ಬಲ್ಲವರು ತಿದ್ದುಪಡಿಯನ್ನೂ ಕಳಿಸಬಹುದು.

ಈ ಪದ್ಧತಿಗೆ ತಾತ್ವಿಕ ಬುನಾದಿ ಹಾಕಿದ ಬರಹವೆಂದು ಹೆಸರಾದದ್ದು ಎರಿಕ್ ರೇಮಂಡ್ ಅವರ ‘ದಿ ಕೆಥೆಡ್ರಲ್ ಅಂಡ್ ದಿ ಬಜಾರ್’. 1997ರ ಮೇ ತಿಂಗಳಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗ್ ನಗರದ ಲಿನಕ್ಸ್ ಸಮ್ಮೇಳನದಲ್ಲಿ ಮಂಡನೆಯಾದ ಈ ಪ್ರಬಂಧ 1999ರಲ್ಲಿ ಪುಸ್ತಕವಾಯಿತು. ಇಂದಿಗೂ ಮುಕ್ತ ತಂತ್ರಾಂಶದ ಬಗ್ಗೆ ಮಾತು ಬಂದರೆ ಇದರ ಪ್ರಸ್ತಾಪ ಬರುತ್ತದೆ. ಕಾಲು ಶತಮಾನ ಕಳೆದಿರುವ ಈ ಹೊತ್ತಿನಲ್ಲಿ ಪ್ರಬಂಧದ ಮುಖ್ಯ ವಾದವನ್ನು ಒರೆಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ. ಒರೆಗಲ್ಲು ಯಾವುದು? ದೋಷ ವರದಿಗಳನ್ನು ವಿಂಗಡಿಸಿ ಬಗೆಹರಿಸುವ ಸ್ವಯಂಸೇವಕರ ದುಡಿಮೆ.

ಪ್ರಬಂಧ ಹೇಳುವುದೇನು?

ರೇಮಂಡ್ ತಂತ್ರಾಂಶ ರಚನೆಯಲ್ಲಿ ಎರಡು ಮಾದರಿಗಳನ್ನು ಗುರುತಿಸುತ್ತಾರೆ. ಒಂದು, ಕೆಲವೇ ಕುಶಲಕರ್ಮಿಗಳು ಏಕಾಂತದಲ್ಲಿ ಕಟ್ಟುವ ಮಹಾದೇಗುಲ. ಇನ್ನೊಂದು, ಎಲ್ಲರೂ ಬಂದು ಹೋಗುವ ಗಲಾಟೆಯ ಸಂತೆ. ಲಿನಕ್ಸ್ ಬೆಳೆದದ್ದು ಸಂತೆಯ ರೀತಿಯಲ್ಲಿ. ಬೇಗ ಬಿಡುಗಡೆ ಮಾಡಿ, ಪದೇ ಪದೇ ಬಿಡುಗಡೆ ಮಾಡಿ, ಬಳಕೆದಾರರನ್ನು ಜೊತೆ ಕೆಲಸಗಾರರೆಂದು ಕಾಣಿರಿ ಎಂಬುದು ಅವರ ಉಪದೇಶ. ನೋಡುವ ಕಣ್ಣುಗಳು ಸಾಕಷ್ಟಿದ್ದರೆ ಯಾವ ದೋಷವೂ ಆಳದಲ್ಲಿ ಅಡಗಿ ಕೂರಲಾರದು ಎಂಬುದು ತಿರುಳು. ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಹೆಸರಿನಲ್ಲಿ ರೇಮಂಡ್ ಇದನ್ನು ‘ಲಿನಸ್ ನಿಯಮ’ ಎಂದು ಕರೆದರು.

ಇದಕ್ಕೆ ಎದುರಾಗಿ ನಿಂತಿದ್ದುದು ಇನ್ನೊಂದು ಪ್ರಸಿದ್ಧ ನಿಯಮ. ಫ್ರೆಡ್ ಬ್ರೂಕ್ಸ್ 1975ರಲ್ಲೇ ತಮ್ಮ ‘ದಿ ಮಿಥಿಕಲ್ ಮ್ಯಾನ್-ಮಂತ್’ ಪುಸ್ತಕದಲ್ಲಿ, ತಡವಾಗಿರುವ ಯೋಜನೆಗೆ ಹೆಚ್ಚು ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ತೋರಿಸಿದ್ದರು. ಲೆಕ್ಕ ಸರಳ. 10 ಜನರಿದ್ದರೆ ಒಬ್ಬರಿಗೊಬ್ಬರು ಮಾತಾಡುವ ಜೋಡಿಗಳು 45. 50 ಜನರಾದರೆ 1225. ಜನ ಐದು ಪಟ್ಟು ಹೆಚ್ಚಿದರೆ ಮಾತಿನ ಹೊರೆ ಇಪ್ಪತ್ತೇಳು ಪಟ್ಟು ಏರುತ್ತದೆ. ರೇಮಂಡ್ ಇದಕ್ಕೆ ಕೊಡುವ ಉತ್ತರ ಜಾಣತನದ್ದು: ದೋಷ ಹುಡುಕುವವರು ಪರಸ್ಪರ ಮಾತಾಡಬೇಕಾಗಿಲ್ಲ, ನಡುವಿನಲ್ಲಿರುವ ಪ್ರೋಗ್ರಾಮರ್ ಜೊತೆ ಮಾತಾಡಿದರೆ ಸಾಕು, ಒಂದೇ ದೋಷವನ್ನು ಹಲವರು ಹುಡುಕಿ ಶ್ರಮ ಪೋಲಾಗುವ ಸಾಧ್ಯತೆ ಇದ್ದರೂ ಲಿನಕ್ಸ್ ಲೋಕದಲ್ಲಿ ಅದೊಂದು ತೊಂದರೆಯಾಗಿ ಕಂಡಿಲ್ಲ.

ವಾದ ಜಾರುವುದು ಇಲ್ಲಿಯೇ. ಎಲ್ಲರೂ ನಡುವಿನಲ್ಲಿರುವ ಒಬ್ಬರ ಜೊತೆಗೇ ಮಾತಾಡಿದರೆ, ಆ ಒಬ್ಬರ ಗತಿಯೇನು?

ನಡುವಿನ ಮನುಷ್ಯ

ನೆಟ್‌ಸ್ಕೇಪ್ ಕಂಪೆನಿ ತನ್ನ ಬ್ರೌಸರ್‌ನ ಸೋರ್ಸ್ ಕೋಡ್ ಅನ್ನು 1998ರ ಮಾರ್ಚ್ 31ರಂದು ಬಹಿರಂಗಪಡಿಸಿತು. ಆ ನಿರ್ಧಾರಕ್ಕೆ ರೇಮಂಡ್ ಪ್ರಬಂಧದ ಪ್ರೇರಣೆಯೂ ಇತ್ತು. ಹೀಗೆ ಹುಟ್ಟಿದ ಮೊಜಿಲ್ಲಾ ಯೋಜನೆಗೆ ಬಹುಬೇಗ ಬೇಕಾದ ವಸ್ತು ಯಾವುದು ಗೊತ್ತೆ? ದೋಷ ವರದಿಗಳನ್ನು ದಾಖಲಿಸುವ ಒಂದು ವ್ಯವಸ್ಥೆ. ಟೆರ್ರಿ ವೈಸ್‌ಮನ್ ಬರೆದ ‘ಬಗ್‌ಜಿಲ್ಲಾ’ ಅದೇ ವರ್ಷ ಬಳಕೆಗೆ ಬಂತು. ಡೆಬಿಯನ್ ಯೋಜನೆ ಇ-ಮೇಲ್ ಮೂಲಕ ನಡೆಯುವ ತನ್ನದೇ ವ್ಯವಸ್ಥೆಯನ್ನು ಅದಕ್ಕೂ ಮೊದಲೇ ಕಟ್ಟಿಕೊಂಡಿತ್ತು. ಎಂದರೆ, ಸಂತೆಗೂ ಒಂದು ದಾಖಲೆ ಪುಸ್ತಕ ಬೇಕಾಯಿತು; ಪುಸ್ತಕ ಬಂದ ಮೇಲೆ ಅದನ್ನು ನೋಡಿಕೊಳ್ಳುವವರೂ ಬೇಕಾದರು.

ಬಗ್‌ಜಿಲ್ಲಾದಲ್ಲಿ ಹೊರಗಿನವರ ವರದಿ ಮೊದಲು ‘ಅನ್‌ಕನ್ಫರ್ಮ್ಡ್’, ಅಂದರೆ ಇನ್ನೂ ಖಚಿತವಾಗದ್ದು ಎಂಬ ಸ್ಥಿತಿಯಲ್ಲಿರುತ್ತದೆ. ಬೇರೊಬ್ಬರು ತಮ್ಮ ಯಂತ್ರದಲ್ಲಿ ಅದೇ ದೋಷವನ್ನು ಮರಳಿ ಉಂಟುಮಾಡಿ ನೋಡಿ ಖಚಿತಪಡಿಸಬೇಕು. ಕೊನೆಗೆ ವರದಿಗೆ ಒಂದು ತೀರ್ಪು ಬೀಳುತ್ತದೆ: ಸರಿಪಡಿಸಲಾಯಿತು, ಇದು ದೋಷವೇ ಅಲ್ಲ, ಈಗಾಗಲೇ ಇರುವ ವರದಿಯ ಪುನರಾವರ್ತನೆ, ಸರಿಪಡಿಸುವುದಿಲ್ಲ, ಅಥವಾ ನನ್ನಲ್ಲಿ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಅತಿ ಹೆಚ್ಚು ಪುನರಾವರ್ತನೆಗೊಂಡ ವರದಿಗಳನ್ನು ತೋರಿಸಲೆಂದೇ ಬಗ್‌ಜಿಲ್ಲಾದಲ್ಲಿ ಪ್ರತ್ಯೇಕ ಪುಟವೊಂದಿದೆ! ಪುನರಾವರ್ತನೆ ತೊಂದರೆಯೇ ಅಲ್ಲ ಎಂಬ ರೇಮಂಡ್ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ರೇಮಂಡ್ ಈ ಬಿರುಕನ್ನು ಕಾಣದವರೇನಲ್ಲ. ಬಳಕೆದಾರ ತನಗೆ ಕಂಡ ಲಕ್ಷಣವನ್ನು ಹೇಳುತ್ತಾನೆ, ಪ್ರೋಗ್ರಾಮರ್‌ಗೆ ಬೇಕಾದದ್ದು ಕಾರಣದ ಸುಳಿವು. ಇಬ್ಬರ ಭಾಷೆ ಬೇರೆ ಎಂಬುದನ್ನು ಅವರು ಸರಿಯಾಗಿಯೇ ಗುರುತಿಸಿದ್ದಾರೆ. ಆದರೆ ಅವರ ಪರಿಹಾರ, ಬಳಕೆದಾರನೇ ಸೋರ್ಸ್ ಕೋಡ್ ಓದಬಲ್ಲವನಾಗಿರಬೇಕು ಎಂಬುದು. 1997ರ ಲಿನಕ್ಸ್ ಬಳಕೆದಾರರ ಮಟ್ಟಿಗೆ ಅದು ಸರಿಯಿದ್ದೀತು; ಅವರಲ್ಲಿ ಅನೇಕರು ಪ್ರೋಗ್ರಾಮರ್‌ಗಳೇ. ಇಂದು ಫೈರ್‌ಫಾಕ್ಸ್ ಬಳಸುವ ಶಾಲಾ ಶಿಕ್ಷಕಿಯಿಂದ, ಲಿಬ್ರೆಆಫೀಸ್‌ನಲ್ಲಿ ಅರ್ಜಿ ಬರೆಯುವ ಗುಮಾಸ್ತರಿಂದ ಅದನ್ನು ನಿರೀಕ್ಷಿಸಬಹುದೆ? ಆ ಬಿರುಕನ್ನು ವಾಸ್ತವದಲ್ಲಿ ತುಂಬಿದವರು ಮೂರನೆಯವರು. ಗ್ನೋಮ್ ಯೋಜನೆಯಲ್ಲಿ, ಉಬುಂಟುವಿನಲ್ಲಿ ‘ಬಗ್ ಸ್ಕ್ವಾಡ್’ ಹೆಸರಿನಲ್ಲಿ, ಲಿಬ್ರೆಆಫೀಸ್‌ನಲ್ಲಿ ಗುಣಮಟ್ಟ ತಂಡದ ಹೆಸರಿನಲ್ಲಿ ದುಡಿದ ವಿಂಗಡಣೆಕಾರರು. ಪ್ರಬಂಧದಲ್ಲಿ ಇವರಿಗೆ ಹೆಸರೇ ಇಲ್ಲ.

ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗವನ್ನು ನೆನಪಿಸಿಕೊಳ್ಳಿ. ಬಾಗಿಲಲ್ಲಿ ನಿಂತವರು ಯಾರನ್ನು ಮೊದಲು ಒಳಗೆ ಕಳಿಸಬೇಕು, ಯಾರು ಕಾಯಬಹುದು ಎಂದು ನಿರ್ಧರಿಸುತ್ತಾರೆ. ಅವರು ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಆದರೆ ಅವರಿಲ್ಲದಿದ್ದರೆ ಒಳಗಿರುವ ವೈದ್ಯರ ಪರಿಣತಿ ವ್ಯರ್ಥವಾಗುತ್ತದೆ. ಇಂಗ್ಲಿಷಿನಲ್ಲಿ ದೋಷ ವಿಂಗಡಣೆಗೆ ಬಳಸುವ ‘ಟ್ರಯಾಜ್’ ಎಂಬ ಪದ ಬಂದದ್ದು ಗಾಯಾಳುಗಳನ್ನು ವಿಂಗಡಿಸುವ ಇದೇ ವೈದ್ಯಕೀಯ ಕ್ರಮದಿಂದ.

ಕನ್ನಡದ ಒಂದು ಉದಾಹರಣೆ

ವಿಂಗಡಣೆ ಎಂದರೆ ಬರೀ ಗುಮಾಸ್ತಿಕೆಯಲ್ಲ ಎಂಬುದಕ್ಕೆ ನಮ್ಮ ಲಿಪಿಯಿಂದಲೇ ಉದಾಹರಣೆ ಕೊಡಬಹುದು. ‘ರ‍್ಯಾಂಕ್’ ಎಂಬ ಪದವನ್ನು ತೆಗೆದುಕೊಳ್ಳಿ. ಇಲ್ಲಿ ‘ರ’ ಪೂರ್ಣಾಕ್ಷರವಾಗಿ ಉಳಿದು ‘ಯ’ ಒತ್ತಾಗಬೇಕು. ಆದರೆ ಕನ್ನಡದಲ್ಲಿ ‘ರ’ಕಾರದ ಮುಂದೆ ಬೇರೆ ವ್ಯಂಜನ ಬಂದಾಗ ಸಾಮಾನ್ಯವಾಗಿ ‘ಸೂರ್ಯ’ದಲ್ಲಿರುವಂತೆ ಅರ್ಕಾವೊತ್ತು ಮೂಡುತ್ತದೆ. ಎರಡನ್ನೂ ಪ್ರತ್ಯೇಕಿಸಲು ‘ರ’ದ ನಂತರ ಕಣ್ಣಿಗೆ ಕಾಣದ ‘ಜೀರೋ ವಿಡ್ತ್ ಜಾಯ್ನರ್’ ಎಂಬ ಸಂಕೇತವನ್ನು ಸೇರಿಸಬೇಕೆಂಬುದು ಯೂನಿಕೋಡ್ ಮಾಡಿಕೊಂಡಿರುವ ಏರ್ಪಾಟು.

ಈಗ ಯಾರೋ ಒಬ್ಬರು ‘ಲಿಬ್ರೆಆಫೀಸ್‌ನಲ್ಲಿ ಕನ್ನಡ ಸರಿ ಬರುವುದಿಲ್ಲ’ ಎಂದು ವರದಿ ಸಲ್ಲಿಸುತ್ತಾರೆ ಎನ್ನಿ. ದೋಷ ಎಲ್ಲಿದೆ? ಕೀಲಿಮಣೆಯ ತಂತ್ರಾಂಶ ಆ ಕಾಣದ ಸಂಕೇತವನ್ನು ಸೇರಿಸದೇ ಇರಬಹುದು. ಫಾಂಟ್‌ನಲ್ಲಿ ಒತ್ತಕ್ಷರದ ನಿಯಮ ತಪ್ಪಿರಬಹುದು. ಅಕ್ಷರಗಳನ್ನು ಜೋಡಿಸುವ ‘ಹಾರ್ಫ್‌ಬಜ್’ ಎಂಬ ಗ್ರಂಥಾಲಯ ತಂತ್ರಾಂಶ ಎಡವಿರಬಹುದು. ಅಥವಾ ಲಿಬ್ರೆಆಫೀಸೇ ಸಾಲನ್ನು ತಪ್ಪು ಜಾಗದಲ್ಲಿ ತುಂಡರಿಸಿರಬಹುದು. ನಾಲ್ಕೂ ಬೇರೆ ಬೇರೆ ಯೋಜನೆಗಳು, ಬೇರೆ ಬೇರೆ ಜನ. ಆವೃತ್ತಿಯೂ ಮುಖ್ಯ: ಲಿಬ್ರೆಆಫೀಸ್ 2013ರ 4.1ನೇ ಆವೃತ್ತಿಯಲ್ಲಿ ಲಿನಕ್ಸ್‌ಗೂ, 2017ರ 5.3ನೇ ಆವೃತ್ತಿಯಲ್ಲಿ ಎಲ್ಲ ವ್ಯವಸ್ಥೆಗಳಿಗೂ ಹಾರ್ಫ್‌ಬಜ್ ಅಳವಡಿಸಿಕೊಂಡಿತು. ಅದಕ್ಕೂ ಹಿಂದಿನ ವರದಿ ಇಂದಿಗೆ ಅನ್ವಯಿಸದೇ ಹೋಗಬಹುದು.

ಕನ್ನಡ ಓದಲು ಬಾರದ ವಿಂಗಡಣೆಕಾರರಿಗೆ ಎರಡು ಚಿತ್ರಗಳ ವ್ಯತ್ಯಾಸವೇ ತಿಳಿಯದು. ‘ನನ್ನಲ್ಲಿ ಸರಿಯಾಗಿದೆ’ ಎಂದು ಅವರು ವರದಿ ಮುಚ್ಚಿದರೆ ಅದು ಅವರ ದುರುದ್ದೇಶವಲ್ಲ. ಅದೇ ಪದವನ್ನು ಬೇರೆ ಫಾಂಟ್‌ನಲ್ಲಿ, ಬೇರೆ ತಂತ್ರಾಂಶದಲ್ಲಿ, ಹಾರ್ಫ್‌ಬಜ್ ಜೊತೆಗೇ ಬರುವ ‘ಎಚ್‌ಬಿ-ವ್ಯೂ’ ಸಾಧನದಲ್ಲಿ ಮೂಡಿಸಿ ನೋಡಿ, ಬಂದ ರೂಪ, ಬರಬೇಕಾದ ರೂಪ ಎರಡನ್ನೂ ಚಿತ್ರಸಹಿತ ತೋರಿಸಬಲ್ಲ ಕನ್ನಡಿಗರೊಬ್ಬರು ಬೇಕು. ಗಮನಿಸಿ, ಇದಕ್ಕೆ ಒಂದು ಸಾಲು ಪ್ರೋಗ್ರಾಂ ಬರೆಯುವ ಅಗತ್ಯವೂ ಇಲ್ಲ. ಸಾವಿರ ಕಣ್ಣುಗಳಿದ್ದರೂ ಆ ಲಿಪಿಯನ್ನು ಓದಬಲ್ಲ ಎರಡು ಕಣ್ಣುಗಳಿಲ್ಲದಿದ್ದರೆ ದೋಷ ದೋಷವಾಗಿಯೇ ಉಳಿಯುತ್ತದೆ.

‘ಬಗೆಹರಿಯಿತು’ ಎಂಬ ಮುದ್ರೆ

ವರದಿಗೆ ಬೀಳುವ ಕೊನೆಯ ಮುದ್ರೆಯನ್ನು ನಾವು ನಂಬುವುದು ಸಹಜ. ಆದರೆ ಮುದ್ರೆಯೇ ಅಪಾಯಕ್ಕೆ ದಾರಿಯಾದ ನಿದರ್ಶನಗಳಿವೆ.

2006ರಲ್ಲಿ ಡೆಬಿಯನ್‌ಗೆ ಒಂದು ದೋಷ ವರದಿ ಬಂತು. ಸ್ಮೃತಿಯ ಬಳಕೆಯನ್ನು ಪರೀಕ್ಷಿಸುವ ‘ವಾಲ್‌ಗ್ರೈಂಡ್’ ಎಂಬ ಸಾಧನ, ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶದ ಬಗ್ಗೆ ಎಚ್ಚರಿಕೆ ಸಂದೇಶಗಳನ್ನು ಕೊಡುತ್ತಿದೆ ಎಂಬುದು ದೂರು. ಡೆಬಿಯನ್‌ನಲ್ಲಿ ಅದರ ಉಸ್ತುವಾರಿ ಹೊತ್ತವರು ಮೂಲ ತಂಡದವರ ಸಲಹೆ ಕೇಳಿದರು. ಬೇಡವೆಂಬ ಎಚ್ಚರಿಕೆ ಬರಲಿಲ್ಲ. ನೋಡಲು ಒಂದೇ ಬಗೆಯಾಗಿದ್ದ ಎರಡು ಸಾಲುಗಳನ್ನು ತೆಗೆಯಲಾಯಿತು. ಎಚ್ಚರಿಕೆ ನಿಂತಿತು, ದೋಷ ‘ಬಗೆಹರಿಯಿತು’. ಆದರೆ ಆ ಎರಡರಲ್ಲಿ ಒಂದು ಸಾಲು, ರಹಸ್ಯ ಕೀಲಿಗಳಿಗೆ ಬೇಕಾದ ಯಾದೃಚ್ಛಿಕ ಸಂಖ್ಯೆಗಳಿಗೆ ಆಧಾರ ಒದಗಿಸುವಂಥದು. ಅದು ಹೋದ ಮೇಲೆ ಉಳಿದ ಏಕೈಕ ವ್ಯತ್ಯಾಸವೆಂದರೆ ಆ ಹೊತ್ತಿನ ಪ್ರೋಸೆಸ್‌ನ ಕ್ರಮಸಂಖ್ಯೆ. ಹಾಗಾಗಿ ಒಂದು ಬಗೆಯ ಯಂತ್ರದಲ್ಲಿ ಒಂದು ಅಳತೆಯ ಕೀಲಿಗಳು ಸುಮಾರು 32 ಸಾವಿರಕ್ಕಿಂತ ಹೆಚ್ಚು ಇರಲು ಸಾಧ್ಯವಾಗಲಿಲ್ಲ. ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿ ಇಟ್ಟುಕೊಳ್ಳಬಹುದಾಗಿತ್ತು. 2008ರ ಮೇ 13ರಂದು ಡೆಬಿಯನ್ ಈ ಲೋಪವನ್ನು ಪ್ರಕಟಿಸುವವರೆಗೆ, ಸುಮಾರು ಇಪ್ಪತ್ತು ತಿಂಗಳು, ಅದು ಎಲ್ಲರ ಕಣ್ಣೆದುರಿಗೇ ಇತ್ತು. ಕೋಡ್ ಮುಚ್ಚಿಟ್ಟಿರಲಿಲ್ಲ, ವರದಿಯನ್ನೂ ಮುಚ್ಚಿಟ್ಟಿರಲಿಲ್ಲ.

ಇನ್ನೊಂದು ಬಗೆಯ ಮುದ್ರೆಯೂ ಉಂಟು. ನೆಟ್‌ಸ್ಕೇಪ್‌ನ ಹಳೆಯ ಪ್ರೋಗ್ರಾಮರ್ ಜೇಮೀ ಜವಿನ್ಸ್ಕಿ 2003ರಲ್ಲಿ ಗ್ನೋಮ್ ಯೋಜನೆಯನ್ನು ಕಟುವಾಗಿ ಟೀಕಿಸಿದ್ದರು. ತಂತ್ರಾಂಶವನ್ನು ಹೊಸದಾಗಿ ಬರೆದೆವೆಂದು ಹಳೆಯ ವರದಿಗಳನ್ನು ಓದದೆ ಸಾರಾಸಗಟಾಗಿ ಮುಚ್ಚಿಬಿಡುತ್ತಾರೆ, ದೋಷ ಮಾತ್ರ ಹಾಗೆಯೇ ಉಳಿದಿರುತ್ತದೆ ಎಂಬುದು ಅವರ ಆಕ್ಷೇಪ. ಇಂದು ಅದೇ ಕೆಲಸವನ್ನು ‘ಬಾಟ್’ಗಳು ಮಾಡುತ್ತಿವೆ. ಇಷ್ಟು ದಿನ ಯಾರೂ ಉತ್ತರಿಸಲಿಲ್ಲವೆಂದು ವರದಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಪಟ್ಟಿ ಚಿಕ್ಕದಾಗುತ್ತದೆ ನಿಜ. ಆದರೆ ವರದಿ ಬರೆಯಲು ಒಂದು ಸಂಜೆ ಕಳೆದವರಿಗೆ ಅದು ಕೊಡುವ ಸಂದೇಶವೇನು? ಅವರು ಮುಂದೆಂದೂ ವರದಿ ಬರೆಯದಿರಬಹುದು. ಪಟ್ಟಿಯನ್ನು ಚಿಕ್ಕದು ಮಾಡುವುದೂ ದೋಷವನ್ನು ಕಡಿಮೆ ಮಾಡುವುದೂ ಒಂದೇ ಅಲ್ಲ.

ಕಣ್ಣುಗಳು ಎಲ್ಲಿದ್ದವು?

ಲಿನಸ್ ನಿಯಮಕ್ಕೆ ಬಿದ್ದ ದೊಡ್ಡ ಪೆಟ್ಟು 2014ರ ಏಪ್ರಿಲ್‌ನಲ್ಲಿ ಬಯಲಾದ ‘ಹಾರ್ಟ್‌ಬ್ಲೀಡ್’. ಅದೇ ಓಪನ್‌ಎಸ್‌ಎಸ್‌ಎಲ್‌ನಲ್ಲಿ, ಬಂದ ಸಂದೇಶದ ಉದ್ದವನ್ನು ತಾಳೆ ನೋಡದಿದ್ದುದರಿಂದ, ಹೊರಗಿನವರು ಒಂದು ಸಲಕ್ಕೆ 64 ಕಿಲೋಬೈಟ್‌ನಷ್ಟು ಸ್ಮೃತಿಯನ್ನು ಓದಿಬಿಡಬಹುದಾಗಿತ್ತು. 2012ರ ಮಾರ್ಚ್‌ನಿಂದ ಎರಡು ವರ್ಷ ಈ ದೋಷ ಬಳಕೆಯಲ್ಲಿದ್ದ ಆವೃತ್ತಿಯಲ್ಲೇ ಇತ್ತು. ಜಗತ್ತಿನ ಅಸಂಖ್ಯ ಜಾಲತಾಣಗಳು ನಂಬಿದ್ದ ತಂತ್ರಾಂಶವನ್ನು ಬೆರಳೆಣಿಕೆಯ ಜನ ನೋಡಿಕೊಳ್ಳುತ್ತಿದ್ದರೆಂಬುದು ಆಮೇಲೆ ಎಲ್ಲರಿಗೂ ತಿಳಿಯಿತು. ಕಣ್ಣುಗಳು ಬೇಕಾದಷ್ಟು ಇದ್ದವು. ನೋಡುವ ಹೊಣೆ ಯಾರಿಗೂ ಇರಲಿಲ್ಲ.

2024ರ ಮಾರ್ಚ್ 29ರ ಘಟನೆ ಇನ್ನೂ ಗಂಭೀರ. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಜೆಡ್’ ತಂತ್ರಾಂಶವನ್ನು ವರ್ಷಗಟ್ಟಲೆ ಒಬ್ಬ ಸ್ವಯಂಸೇವಕರು ನೋಡಿಕೊಳ್ಳುತ್ತಿದ್ದರು. ತಿದ್ದುಪಡಿಗಳು ತಡವಾಗುತ್ತಿವೆಯೆಂದು ಅವರ ಮೇಲೆ ಅಪರಿಚಿತರಿಂದ ಒತ್ತಡ ಬಂತು. ಸಹಾಯಕ್ಕೆಂದು ಬಂದು ವಿಶ್ವಾಸ ಗಳಿಸಿದ ವ್ಯಕ್ತಿಯೇ 5.6.0 ಮತ್ತು 5.6.1ನೇ ಆವೃತ್ತಿಗಳಲ್ಲಿ ಕಳ್ಳಬಾಗಿಲು ಇಟ್ಟ. ಹೊಸ ಆವೃತ್ತಿಯಿಂದ ವಾಲ್‌ಗ್ರೈಂಡ್ ಎಚ್ಚರಿಕೆಗಳು ಬಂದಾಗ ಬೇರೊಂದು ಕಾರಣ ಹೇಳಿ ಅವನ್ನೂ ‘ಬಗೆಹರಿಸಿದ’. ಇದು ಬಯಲಾದದ್ದು, ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್, ದೂರದ ಯಂತ್ರಕ್ಕೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಎಂಬುದನ್ನು ಕಡೆಗಣಿಸದೆ, ತಾವು ಹಿಂದೆ ಕಂಡಿದ್ದ ವಾಲ್‌ಗ್ರೈಂಡ್ ದೂರನ್ನೂ ಅದರ ಜೊತೆ ಜೋಡಿಸಿ ನೋಡಿದ್ದರಿಂದ. ಸಾವಿರ ಕಣ್ಣುಗಳಲ್ಲ, ಎಡೆಬಿಡದೆ ನೋಡಿದ ಒಂದು ಜೊತೆ ಕಣ್ಣು ಜಗತ್ತನ್ನು ಕಾಪಾಡಿತು.

ರೇಮಂಡ್ ಪರವಾಗಿ ಒಂದು ಮಾತು ಹೇಳಲೇಬೇಕು. ಕೋಡ್ ಮುಚ್ಚಿಟ್ಟಿದ್ದರೆ ಫ್ರಾಯ್ಂಡ್ ಅವರಿಗೆ ಕಾರಣ ಹುಡುಕುವುದು ಬಹಳ ಕಷ್ಟವಾಗುತ್ತಿತ್ತು. ತೆರೆದಿಡುವುದು ಅಗತ್ಯ ಎಂಬುದರಲ್ಲಿ ಅವರ ವಾದ ಗೆದ್ದಿದೆ. ತೆರೆದಿಟ್ಟರೆ ಸಾಕು ಎಂಬುದರಲ್ಲಿ ಸೋತಿದೆ.

ಎಣಿಕೆಯ ಮೋಹ

ಹಾಗಾದರೆ ಹೆಚ್ಚು ಸ್ವಯಂಸೇವಕರನ್ನು ಕರೆತಂದರಾಯಿತಲ್ಲ ಎನ್ನಬಹುದು. ‘ಹ್ಯಾಕ್ಟೋಬರ್‌ಫೆಸ್ಟ್’ ಎಂಬ ಅಕ್ಟೋಬರ್ ತಿಂಗಳ ಅಭಿಯಾನ ಅದನ್ನೇ ಮಾಡಿತು: ನಾಲ್ಕು ತಿದ್ದುಪಡಿ ಕಳಿಸಿದವರಿಗೆ ಟೀ-ಶರ್ಟ್. 2020ರಲ್ಲಿ ಫಲಿತಾಂಶ ವಿಪರೀತವಾಯಿತು. ಒಂದು ಪದ ಸೇರಿಸುವ, ಒಂದು ಚುಕ್ಕಿ ಬದಲಿಸುವ ಅರ್ಥಹೀನ ತಿದ್ದುಪಡಿಗಳು ಪ್ರವಾಹದಂತೆ ಬಂದವು. ಕೊನೆಗೆ, ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಅಭಿಯಾನವನ್ನು ಸೀಮಿತಗೊಳಿಸಬೇಕಾಯಿತು. ಬಹುಮಾನ ಎಣಿಕೆಗಾದರೆ ಬರುವುದೂ ಎಣಿಕೆಯೇ.

ಈಗ ಆ ಪ್ರವಾಹಕ್ಕೆ ಯಂತ್ರಬಲವೂ ಸೇರಿದೆ. ‘ಕರ್ಲ್’ ತಂತ್ರಾಂಶದ ಡೇನಿಯಲ್ ಸ್ಟೆನ್‌ಬರ್ಗ್, ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಸುಳ್ಳು ದೋಷ ವರದಿಗಳ ಕಾಟವನ್ನು 2024ರಿಂದ ಬಹಿರಂಗವಾಗಿ ಹೇಳುತ್ತಾ ಬಂದಿದ್ದಾರೆ. ಇಂಥ ವರದಿ ನೋಡಲು ಅಚ್ಚುಕಟ್ಟು, ಭಾಷೆ ನಯ, ವಿವರ ಹೇರಳ. ಆದರೆ ಅದು ಹೇಳುವ ದೋಷವೇ ಇರುವುದಿಲ್ಲ. ಕೆಟ್ಟ ಕೈಬರಹದ ನಿಜವಾದ ದೂರಿಗಿಂತ ಇದು ಹೆಚ್ಚು ಹಾನಿಕರ. ಅದನ್ನು ಬರೆಸಲು ಒಂದು ನಿಮಿಷ, ಸುಳ್ಳೆಂದು ಸಾಬೀತುಪಡಿಸಲು ಅರ್ಧ ದಿನ!

ನೀವೇನು ಮಾಡಬಹುದು?

ಈ ಟೀಕೆಯಿಂದ ನಿಮ್ಮ ಉತ್ಸಾಹ ಕುಗ್ಗಬೇಕಿಲ್ಲ. ಅದು ಸರಿಯಾದ ಕಡೆ ಹರಿಯಬೇಕು, ಅಷ್ಟೆ. ನೀವು ದಿನವೂ ಬಳಸುವ ಒಂದೇ ತಂತ್ರಾಂಶವನ್ನು ಆರಿಸಿಕೊಳ್ಳಿ. ಖಚಿತವಾಗದ ವರದಿಗಳಲ್ಲಿ ವಾರಕ್ಕೆ ಎರಡನ್ನೋ ಮೂರನ್ನೋ ಓದಿ. ಇತ್ತೀಚಿನ ಆವೃತ್ತಿಯಲ್ಲಿ ಅದೇ ಹೆಜ್ಜೆಗಳನ್ನು ಅನುಸರಿಸಿ ದೋಷ ಮರುಕಳಿಸುತ್ತದೆಯೇ ನೋಡಿ. ಮರುಕಳಿಸಿದರೆ ಆವೃತ್ತಿ, ಕಾರ್ಯಾಚರಣೆ ವ್ಯವಸ್ಥೆ, ಹೆಜ್ಜೆಗಳು, ಬಂದ ಫಲ, ಬರಬೇಕಾಗಿದ್ದ ಫಲ – ಈ ಐದನ್ನು ಬರೆಯಿರಿ. ಮರುಕಳಿಸದಿದ್ದರೆ ಅದನ್ನೂ ಬರೆಯಿರಿ, ಆದರೆ ವರದಿಯನ್ನು ಮುಚ್ಚುವ ಮುನ್ನ ವರದಿಗಾರರನ್ನು ಕೇಳಿ. ಪುನರಾವರ್ತನೆಯೆಂದು ತೋರಿದರೆ ಲಕ್ಷಣ ಒಂದೇ ಆಗಿರುವುದು ಸಾಲದು, ಕಾರಣವೂ ಒಂದೇ ಎಂದು ನಂಬಲು ಆಧಾರವಿರಬೇಕು.

ಇನ್ನೂ ಮುಂದೆ ಹೋಗುವ ಆಸಕ್ತಿಯಿದ್ದರೆ ಲಿಬ್ರೆಆಫೀಸ್‌ನವರ ‘ಬೈಬಿಸೆಕ್ಟ್’ ಕ್ರಮವನ್ನು ಕಲಿಯಿರಿ. ಮೊದಲೇ ಸಿದ್ಧಪಡಿಸಿದ ನೂರಾರು ಆವೃತ್ತಿಗಳ ಸಾಲಿನಲ್ಲಿ ನಡುವಿನದನ್ನು ಪರೀಕ್ಷಿಸಿ, ದೋಷ ಅದರ ಹಿಂದಿದೆಯೋ ಮುಂದಿದೆಯೋ ನೋಡಿ, ಪ್ರತಿ ಸಲ ಅರ್ಧದಷ್ಟನ್ನು ಬಿಡುತ್ತಾ ಹೋಗುವುದು. 1024 ಆವೃತ್ತಿಗಳಿದ್ದರೂ ಹತ್ತೇ ಪರೀಕ್ಷೆಗಳಲ್ಲಿ ದೋಷ ಹೊಕ್ಕ ಜಾಗ ಸಿಗುತ್ತದೆ. ಪ್ರೋಗ್ರಾಮರ್‌ನ ದಿನಗಟ್ಟಲೆಯ ಕೆಲಸವನ್ನು ಪ್ರೋಗ್ರಾಮಿಂಗ್ ಅರಿಯದ ವಿದ್ಯಾರ್ಥಿಯೂ ಒಂದು ಸಂಜೆಯಲ್ಲಿ ಮಾಡಿಕೊಡಬಹುದು.

ಯೋಜನೆಗಳನ್ನು ನಡೆಸುವವರಿಗೂ ಒಂದು ಮಾತು. ಕೋಡ್ ಬರೆದವರ ಹೆಸರು ದಾಖಲೆಯಲ್ಲಿ ಶಾಶ್ವತವಾಗಿ ಉಳಿಯುತ್ತದೆ. ನೂರು ವರದಿಗಳನ್ನು ಪರೀಕ್ಷಿಸಿ ತೊಂಬತ್ತನ್ನು ಬದಿಗಿಟ್ಟು ಹತ್ತನ್ನು ಮುಂದೆ ಕಳಿಸಿದವರ ಹೆಸರು ಎಲ್ಲಿಯೂ ಇರುವುದಿಲ್ಲ. ಈ ಅಸಮತೋಲನವನ್ನು ಸರಿಪಡಿಸದೆ ಸ್ವಯಂಸೇವಕರು ನಿಲ್ಲುವುದಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ.

ರೇಮಂಡ್ ಪ್ರಬಂಧವನ್ನು ಇಂದಿಗೂ ಓದಬೇಕು. ಬಳಕೆದಾರರನ್ನು ಜೊತೆ ಕೆಲಸಗಾರರೆಂದು ಕಂಡದ್ದು ಅದರ ದೊಡ್ಡ ಗುಣ. ಆದರೆ ಕೆಲಸವೆಂದರೆ ಕೋಡ್ ಬರೆಯುವುದು ಮಾತ್ರ ಎಂದುಕೊಂಡದ್ದು ಅದರ ದೊಡ್ಡ ಕೊರತೆ. ಸಂತೆ ನಡೆಯುವುದು ಬರೀ ಕೊಳ್ಳುವವರಿಂದ, ಮಾರುವವರಿಂದ ಅಲ್ಲ. ರಾಶಿ ಹಾಕಿದ ಅಡಿಕೆಯ ಮುಂದೆ ಕುಳಿತು ಬೆಟ್ಟೆ ಯಾವುದು, ಗೊರಬಲು ಯಾವುದು ಎಂದು ಒಂದೊಂದಾಗಿ ಆರಿಸುವವರೂ ಅಲ್ಲಿ ಇರುತ್ತಾರೆ. ಮುಕ್ತ ತಂತ್ರಾಂಶದ ಸಂತೆಯಲ್ಲಿ ಹಾಗೆ ಆರಿಸುವವರ ಜಾಗ ಇನ್ನೂ ಬಹುಪಾಲು ಖಾಲಿಯಿದೆ. ಕನ್ನಡದ ಮಟ್ಟಿಗಂತೂ ಆ ಜಾಗವನ್ನು ನಾವಲ್ಲದೆ ಬೇರೆಯವರು ಬಂದು ತುಂಬಲಾರರು.